ಅಕ್ಕನ ಕಾಗದದಲ್ಲಿ ನಾನು ಬರೆಸಿದ ಸಾಲು

ಆರು ವರ್ಷ ನಾನು ಒಂದು ಮಾತು ಹೇಳಲಿಲ್ಲ. ಹೇಳಬೇಕಾದ ಜಾಗಕ್ಕೆ ತಿಂಗಳಿಗೊಮ್ಮೆ ನಾನೇ ಹೋಗುತ್ತಿದ್ದೆ. ಕೇಳಬೇಕಾದವರು ಎದುರಿಗೇ ಕುಳಿತಿರುತ್ತಿದ್ದರು. ಆದರೂ ಹೇಳಲಿಲ್ಲ. ರೋಣದ ದವಾಖಾನೆಯಲ್ಲಿ ನಮ್ಮಕ್ಕ ಕಸ್ತೂರಿಯ ಹೆಸರಿನ ಕಾಗದಗಳಿವೆ. ರೋಗಿ ತಾನಾಗಿಯೇ ಗುಳಿಗೆ ಬಿಟ್ಟಿದ್ದಾಳೆ ಎಂದು ಅವುಗಳಲ್ಲಿ ಒಂದು ಸಾಲಿತ್ತು. ಆ ಸಾಲು ಸುಳ್ಳು. ಬರೆದವರು ಡಾಕ್ಟರು, ಬರೆಸಿದವನು ನಾನು.

ನಾನು ಆರನೇ ಈಯತ್ತೆಯವರೆಗೆ ಓದಿದವನು. ಬರೆದು ರೂಢಿಯಿಲ್ಲ. ಕಾಲೇಜು ಓದಿದ ತಂಗಿ ಸವಿತಾ ಅಕ್ಷರ ತಿದ್ದಿದ್ದಾಳೆ, ಮಾತು ನನ್ನವು. ಇಂಥ ಕಾಯಿಲೆ ಬಂದ ಮನೆಯವರು ಯಾರಾದರೂ ಇದನ್ನು ಓದಿದರೆ ನಾನು ಮಾಡಿದ್ದನ್ನು ಅವರು ಮಾಡದಿರಲಿ ಅಂತ ಬರೆಯುತ್ತಿದ್ದೇನೆ. ನಮ್ಮಕ್ಕ ಎಂಥವಳು ಅನ್ನುವುದೂ ನಾಲ್ಕು ಜನಕ್ಕೆ ತಿಳಿಯಲಿ.

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಓಣಿ. ಅಪ್ಪ, ಹಿಂದೆಯೇ ಅವ್ವ, ಒಂದೇ ವರ್ಷದಲ್ಲಿ ತೀರಿಕೊಂಡರು. ಅಕ್ಕನಿಗೆ ಆಗ ಹದಿನೇಳು, ನನಗೆ ಹನ್ನೊಂದು, ಸವಿತಾ ಇನ್ನೂ ತೊಟ್ಟಿಲಲ್ಲಿದ್ದಳು. ಅಪ್ಪನ ಮಗ್ಗದ ಕುಣಿಯಲ್ಲಿ ಅಕ್ಕ ಕಾಲಿಳಿಸಿ ಕುಳಿತ ದಿನ ನನಗೆ ನೆನಪಿದೆ. ತುಳಿಯುವ ಪಟ್ಟಿಗೆ ಅವಳ ಕಾಲು ಎಟುಕಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಎರಡು ಕಟ್ಟಿಗೆ ತುಂಡು ತಂದು ಪಟ್ಟಿಯ ಮೇಲೆ ಬಿಗಿದು ಕಟ್ಟಿಕೊಂಡಳು. ಅವು ಇಪ್ಪತ್ತು ವರ್ಷ ಅಲ್ಲೇ ಇದ್ದವು. ನನ್ನ ಮದುವೆ ಮಾಡಿದಳು, ಸವಿತಾಳನ್ನು ಓದಿಸಿದಳು. ತನ್ನ ಮದುವೆಯ ಮಾತು ತೆಗೆದರೆ, ಗಂಡಂದ್ರ ಕರದಾಗ ಬರಂಗಿಲ್ಲ, ಮಗ್ಗರ ಹೇಳಿದಂಗ ಕೇಳತೈತಿ ಎಂದು ನಗಿಸಿಬಿಡುತ್ತಿದ್ದಳು.

ನಮ್ಮ ಓಣಿಯಲ್ಲಿ ಮನುಷ್ಯರನ್ನು ಅಳೆಯುವುದು ಸೀರೆಯ ಅಂಚಿನಿಂದ. ಯಾರ ಮಗ್ಗದ ಮುಂದೆ ನಿಂತರೂ ಮೊದಲು ಕೈ ಹೋಗುವುದು ಅಂಚಿಗೆ. ಅಂಚು ನೆಟ್ಟಗಿದ್ದರೆ ಆ ಮನೆಯಲ್ಲಿ ಎಲ್ಲ ನೆಟ್ಟಗಿದೆ. ಅಲ್ಲಲ್ಲಿ ಒಳಗೆ ಎಳೆದು, ಅಲ್ಲಲ್ಲಿ ಸಡಿಲಾಗಿದ್ದರೆ ನೇಯುವವರಿಗೆ ಏನೋ ಆಗಿದೆ. ಅಕ್ಕನ ಅಂಚು ದಾರ ಹಿಡಿದು ಗೆರೆ ಎಳೆದಂತೆ ಇರುತ್ತಿತ್ತು. ಈ ಅಳತೆಯೇ ಮುಂದೆ ನನ್ನ ಕಣ್ಣು ಕಟ್ಟಿತು.

ಕಾಯಿಲೆ ಶುರುವಾದಾಗ ಅವಳಿಗೆ ಮೂವತ್ತೇಳು. ನೇಯುತ್ತ ನೇಯುತ್ತ ಲಾಳಿ ಹಿಡಿದ ಕೈ ನಿಲ್ಲಿಸಿ ತಲೆ ಓರೆ ಮಾಡುತ್ತಿದ್ದಳು. ಕೇಳಿದರೆ ಯಾರೋ ಕರೆದಂತಾಯಿತು ಎನ್ನುತ್ತಿದ್ದಳು. ಹಾಗೇ ಎರಡು ತಿಂಗಳು ಹೋಯಿತು. ಒಂದು ದಿನ ನನ್ನನ್ನು ಹತ್ತಿರ ಕರೆದು, "ಈರ್ಯಾ, ಇಬ್ಬರದಾರೋ. ನಾ ಎದ್ರ ಎದ್ಲು ಅಂತಾರ, ಕುಂತ್ರ ಕುಂತ್ಲು ಅಂತಾರ. ಉಣ್ಣಾಕತ್ರೂ ಬಿಡಂಗಿಲ್ಲ" ಎಂದಳು. ಗಂಡಸರ ದನಿ. ಎಲ್ಲಿಂದ ಎಂದು ಕೇಳಿದೆ. ಗೋಡೆಯ ಕಡೆ ಕೈ ಮಾಡಿದಳು. ಆ ಗೋಡೆಯ ಆಚೆ ಇರುವುದು ಬರೀ ಬಯಲು. ನಾನು ನಕ್ಕುಬಿಟ್ಟೆ. ಅವಳು ಮತ್ತೆ ನನಗೆ ಏನೂ ಹೇಳಲಿಲ್ಲ.

ಎದುರು ಮನೆಯ ಮಾಬುಬಿ ನಮ್ಮ ಮಗ್ಗಕ್ಕೆ ಕಂಡಿಕೆ ಸುತ್ತಿಕೊಡುತ್ತಾಳೆ, ಲಾಳಿಯೊಳಗೆ ಇಡುವ ನೂಲಿನ ಸಣ್ಣ ಉರುಳೆಗಳು. ಅವಳೂ ಅಕ್ಕನೂ ಕೂಡಿ ಆಡಿ ಬೆಳೆದವರು. ಮಾಬುಬಿ ನೂಲಿಗೆ ಏನೋ ಔಷಧ ಸವರಿ ಕೊಡುತ್ತಾಳೆ, ಅದು ತನ್ನ ಬೆರಳಿನಿಂದ ಮೈಗೆ ಏರುತ್ತಿದೆ ಎಂದು ಅಕ್ಕನಿಗೆ ಅನ್ನಿಸತೊಡಗಿತು. ಒಂದು ಮುಂಜಾನೆ ಕಂಡಿಕೆಯ ಬುಟ್ಟಿಯನ್ನೇ ಎತ್ತಿ ಓಣಿಗೆ ಎಸೆದಳು. ನಾಲ್ಕು ಮನೆಯವರು ಹೊರಗೆ ಬಂದು ನಿಂತರು. ಮಾಬುಬಿ ಸೆರಗು ಕಟ್ಟಿಕೊಂಡು ಒಂದೊಂದೇ ಕಂಡಿಕೆ ಆರಿಸಿಕೊಂಡಳು. ಅದಾದ ಮೇಲೆ ಅಕ್ಕ ನನ್ನ ಹೆಂಡತಿ ನೀಲಾಳ ಕೈ ಅಡುಗೆಯನ್ನೂ ಬಿಟ್ಟಳು. ತಾನೇ ತುಂಬಿಕೊಂಡ ನೀರು, ತಾನೇ ಸುಲಿದ ಬಾಳೆಹಣ್ಣು, ಅಷ್ಟೇ. ನಿದ್ದೆ ಇಲ್ಲ. ನೀಲಾ ಈಳಿಗೆ, ಕತ್ತರಿ ಬಚ್ಚಿಡತೊಡಗಿದಳು. ನಾವು ತಾಯತ ಕಟ್ಟಿಸಿದೆವು, ನಿಂಬೆಹಣ್ಣು ನಿವಾಳಿಸಿದೆವು. ಅಕ್ಕ ಅದನ್ನೆಲ್ಲ ಸುಮ್ಮನೆ ಮಾಡಿಸಿಕೊಂಡಳು. ಅವಳ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ ಎಂದು ನನಗೆ ಆಗ ಗೊತ್ತಾಗಲಿಲ್ಲ.

ದಾರಿ ತೋರಿಸಿದವಳು ಮಾಬುಬಿಯೇ. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತು, "ಈರಣ್ಣಾ, ಇದು ಗಾಳಿ ಅಲ್ಲೋ, ಜಡ್ಡು. ನಮ್ಮ ಅತ್ತಿ ಮನ್ಯಾಗ ನೋಡೇನಿ. ರೋಣದ ದವಾಖಾನಿಗೆ ಮನಸಿನ ಡಾಕ್ಟರ್ ಬರ್ತಾರ, ಲಗೂ ಕರಕೊಂಡ ಹೋಗು" ಎಂದಳು. ಅಕ್ಕ ನಿನ್ನ ಮೇಲೆ ಅಷ್ಟು ಆಡಿದಳಲ್ಲ ಎಂದೆ. ಆಡಿದವಳು ಅವಳಲ್ಲ ಎಂದು ಎದ್ದು ಹೋದಳು.

ಬಸ್ ನಿಲ್ದಾಣದಲ್ಲಿ ಮೂರು ಬಸ್ಸು ಬಿಟ್ಟೆವು. ಒಳಗೆ ಕುಳಿತವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ, ತನ್ನ ಮಾತನ್ನೇ ಆಡುತ್ತಿದ್ದಾರೆ ಎಂದು ಅಕ್ಕ ಹಿಂದೆ ಸರಿಯುತ್ತಿದ್ದಳು. ನಾನು ಕೈ ಹಿಡಿದು ಎಳೆದೆ, ಬೈದೆ. ನಾಲ್ಕನೆಯ ಬಸ್ಸು ಬಂದಾಗ ಅವಳೇ ಸೆರಗು ತಲೆಯ ಮೇಲೆ ಎಳೆದುಕೊಂಡು, "ನಡೀ. ಇವ್ರು ಸುಮ್ಮನಾಗಂಗಿಲ್ಲ, ನಾವರ ಹತ್ತೋಣು" ಎಂದು ಹತ್ತಿದಳು. ಇಡೀ ಬಸ್ಸು ತನ್ನ ವೈರಿ ಎಂದು ನಂಬಿದ ಮನುಷ್ಯ ಆ ಬಸ್ಸಿನಲ್ಲಿ ಹೋಗಿ ಕುಳಿತುಕೊಳ್ಳುವುದು ಎಂಥ ಎದೆಗಾರಿಕೆ ಎಂದು ಈಗ ಯೋಚಿಸುತ್ತೇನೆ. ಅಂದು ನನಗೆ ಕಂಡದ್ದು ತಡವಾದದ್ದು ಮಾತ್ರ.

ದವಾಖಾನೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕಾಯಬೇಕಿತ್ತು. ನಮ್ಮ ಪಕ್ಕದಲ್ಲಿ ಲಕ್ಕಲಕಟ್ಟಿಯ ಒಬ್ಬ ಮುದುಕ, ಅವನ ಹೆಂಡತಿ. ಆಕೆ ಹದಿನೈದು ವರ್ಷದಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಳು, ಹೊಲ ಮನೆ ಎರಡೂ ಮಾಡುತ್ತಿದ್ದಳು. ಮುದುಕ ಪೇರಲ ಹಣ್ಣು ಕೊಯ್ದು ನಮಗೂ ಒಂದೊಂದು ಹೋಳು ಕೊಟ್ಟ. ಯಾರ ಕೈಯದನ್ನೂ ಮುಟ್ಟದ ಅಕ್ಕ, ಆ ಹೆಂಗಸು ತಿನ್ನುವುದನ್ನು ನೋಡಿ, ತಾನೂ ಬಾಯಿಗೆ ಹಾಕಿಕೊಂಡಳು. ಮುದುಕ ನನ್ನ ಕಿವಿಯ ಹತ್ತಿರ ಬಂದು, "ಆರಾಮ ಆದಂಗ ಕಾಣತೈತಿ, ಆವಾಗ ಗುಳಿಗಿ ಬಿಡಿಸಬ್ಯಾಡ್ರಿ. ನಾ ಬಿಡಿಸಿ ಬುದ್ಧಿ ಕಲತೇನಿ" ಎಂದ. ನಾನು ಹೂಂ ಎಂದೆ.

ಡಾಕ್ಟರು ಬಹಳ ಹೊತ್ತು ಅಕ್ಕನನ್ನೇ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಮನೆತನದಲ್ಲಿ ಯಾರಿಗಾದರೂ ಹೀಗೆ ಇತ್ತೇ ಎಂದರು. ಯಾರಿಗೂ ಇಲ್ಲ ಎಂದೆ. ಸವಿತಾಳಿಗೆ ಗಂಡು ನೋಡುವ ಕಾಲ ಅದು, ಬಾಯಿಗೆ ತಾನಾಗಿ ಬಂತು. ನೆಲ ನೋಡುತ್ತ ಕುಳಿತಿದ್ದ ಅಕ್ಕ ತಲೆ ಎತ್ತಿ, "ನಮ್ಮ ಮಾಮಾ ಇದ್ದ್ರಿ. ಗಿಡದ ಕೂಡ ಮಾತಾಡ್ತಿದ್ದ. ಒಂದಿನ ಮನಿ ಬಿಟ್ಟ ಹೋದ" ಎಂದಳು. ಬುದ್ಧಿ ಕೆಟ್ಟಿದೆ ಎಂದು ನಾನು ಕರೆದುಕೊಂಡು ಬಂದವಳು ಖರೇ ಹೇಳಿದಳು. ಬುದ್ಧಿ ನೆಟ್ಟಗಿದ್ದ ನಾನು ಸುಳ್ಳು ಹೇಳಿದೆ.

ಡಾಕ್ಟರು ಕಾಯಿಲೆಗೆ ಸ್ಕಿಜೋಫ್ರೇನಿಯಾ ಎಂಬ ಹೆಸರು ಹೇಳಿದರು. ಅದನ್ನು ನಾಲಿಗೆಗೆ ಹೊಂದಿಸಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಯಾಕೆ ಬಂತು ಎಂದು ಕೇಳಿದೆ. ಒಂದೇ ಕಾರಣ ಎಂದು ಬೊಟ್ಟು ಮಾಡಲಾಗದು, ಮನೆತನದಿಂದ ಸ್ವಲ್ಪ ಇಳಿದಿರಬಹುದು, ಮಿದುಳಿನ ಕೆಲಸದಲ್ಲಿ ಸ್ವಲ್ಪ ಏರುಪೇರು, ವರ್ಷಗಟ್ಟಲೆ ಹೊತ್ತ ಭಾರ, ಕೆಟ್ಟ ನಿದ್ದೆ ಎಲ್ಲ ಕೂಡಿರಬಹುದು, ಯಾರ ಪಾಪವೂ ಅಲ್ಲ, ಯಾರ ಮಾಟವೂ ಅಲ್ಲ ಎಂದರು. ಗೋಡೆಯಿಂದ ಯಾರೂ ಮಾತಾಡುತ್ತಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ನಂಬುವುದಿಲ್ಲ ಎಂದು ದೂರಿದೆ. ಆಗ ಅವರು ಹೇಳಿದ್ದನ್ನು ನಾನು ಮರೆತಿಲ್ಲ: "ದನಿ ಸುಳ್ಳು ಅಂತ ವಾದ ಹೂಡಬ್ಯಾಡ್ರಿ. ಅದು ಅವರಿಗೆ ಕೇಳಸ್ತೈತಿ. ಅವರ ಅಂಜಿಕಿ ಖರೇ ಐತಿ. ಅದಕ್ಕ ಜೊತಿ ಇರ್ರಿ."

ಗುಳಿಗೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಊಟವಾದ ಮೇಲೆ ಅಕ್ಕ ಅಂಗೈ ಚಾಚುತ್ತಿದ್ದಳು, ನಾನು ಇಡುತ್ತಿದ್ದೆ. ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ನೀಲಾ ರೊಟ್ಟಿ ಬಡಿಯುತ್ತಿದ್ದಾಗ ಅಕ್ಕ ಹೋಗಿ ಎದುರಿಗೆ ಕುಳಿತು, ನೀಲಾ, ನನಗೂ ಒಂದ ಹಾಕು ಎಂದಳು. ನೀಲಾ ಅಳುತ್ತಲೇ ಬಡಿದಳು. ಅಕ್ಕ ಮೂರು ರೊಟ್ಟಿ ಉಂಡಳು.

ಮರುದಿನ ಯಾರೂ ಹೇಳದೆ ಎದುರು ಮನೆಗೆ ಹೋದಳು. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೊಸ್ತಿಲ ಹೊರಗೇ ನಿಂತು ಅಕ್ಕ, "ಮಾಬೂ, ನಿನ್ನ ಓಣ್ಯಾಗ ನಿಂದರಿಸಿ ಅವಮಾನ ಮಾಡಿದ್ನಿ. ತಪ್ಪಾತು" ಎಂದಳು. ಮಾಬುಬಿ ರಾಟೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಒಳಗ ಬಾ, ಛಾ ಕುಡಿ. ಔಷಧ ಏನೂ ಹಾಕಿಲ್ಲ" ಎಂದಳು. ಅಕ್ಕ ನಕ್ಕಳು. ಅವಳ ನಗು ಕೇಳಿ ವರ್ಷವಾಗುತ್ತ ಬಂದಿತ್ತು. ಜಡ್ಡು ಮಾಡಿಸಿದ ತಪ್ಪಿಗೂ ಅವಳು ತಾನಾಗಿ ನಡೆದು ಹೋಗಿ ಕ್ಷಮೆ ಕೇಳಿದಳು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಕಲಿಯಲಿಲ್ಲ.

ಅಕ್ಕ ಮತ್ತೆ ಮಗ್ಗಕ್ಕೆ ಇಳಿದಳು. ಆದರೆ ಗುಳಿಗೆಯಿಂದ ಕೈ ನಡುಗುತ್ತಿತ್ತು. ಲಾಳಿ ಒಮ್ಮೆ ಜೋರಾಗಿ, ಒಮ್ಮೆ ಮೆತ್ತಗೆ ಹೋಗುತ್ತಿತ್ತು. ಅಂಚು ಕೆಟ್ಟಿತು. ಅಷ್ಟರಲ್ಲಿ ಸವಿತಾಳಿಗೆ ನರಗುಂದದ ಕಡೆಯ ಸಂಬಂಧ ಕೂಡಿ ಬಂತು. ತೊಟ್ಟಿಲು ತೂಗಿ ಬೆಳೆಸಿದ ತಂಗಿಗೆ ಮದುವೆಯ ಸೀರೆ ತಾನೇ ನೇಯುತ್ತೇನೆ ಎಂದು ಅಕ್ಕ ಮಗ್ಗಕ್ಕೆ ಹಾಸು ಹೂಡಿದಳು, ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನು. ಮೊದಲ ಎರಡು ಮೊಳ ನೇಯ್ದಾಗ ನಾನು ಅಂಚು ಮುಟ್ಟಿ ನೋಡಿದೆ. ಅಲೆ ಅಲೆಯಾಗಿತ್ತು. ಬೀಗರು ಮನೆ ನೋಡಲು ಬರುವವರಿದ್ದರು. ಅವರ ಮುಂದೆ ಈ ಕೈ, ಈ ಅಂಚು. ಅಕ್ಕ ಮನೆಯಲ್ಲಿ ಉಣ್ಣುತ್ತಿದ್ದಳು, ಮಲಗುತ್ತಿದ್ದಳು, ನಗುತ್ತಿದ್ದಳು. ಅದ್ಯಾವುದನ್ನೂ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಂಚು ಕೆಟ್ಟಿದೆ ಎಂದರೆ ಗುಳಿಗೆಯೇ ಅವಳನ್ನು ಕೆಡಿಸುತ್ತಿದೆ ಎಂದು ತೀರ್ಮಾನ ಮಾಡಿದೆ. ನೇಕಾರನ ಬುದ್ಧಿ.

ಅಂದು ಅಕ್ಕ ಅಂಗೈ ಚಾಚಿದಾಗ, ಇನ್ನ ಸಾಕಂತ ಡಾಕ್ಟರ್ ಅಂದಾರಕ್ಕಾ ಎಂದೆ.

"ಖರೇನೇನೋ?"

"ಖರೇನ."

ಅವಳು ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು, "ಹಂಗಾದ್ರ ನನ್ನ ಕೈ ನನಗ ತಿರುಗಿ ಬರತೈತಿ ಬಿಡು" ಎಂದಳು.

ಬಂತು ಕೂಡ. ಕೆಲವು ದಿನಗಳಲ್ಲಿ ನಡುಕ ಇಳಿಯಿತು. ಅಂಚು ಗೆರೆ ಎಳೆದಂತಾಯಿತು. ಬೀಗರು ಬಂದಾಗ ಅಕ್ಕನೇ ಛಾ ಕೊಟ್ಟಳು, ಒಂದು ಹನಿ ಚೆಲ್ಲಲಿಲ್ಲ. ನಾನು ಎಂಥ ಕೆಲಸ ಮಾಡಿದೆ ಎಂದು ಒಳಗೊಳಗೇ ಬೀಗಿದೆ. ಪೇರಲ ಹಣ್ಣು ಕೊಟ್ಟ ಮುದುಕನ ಮಾತು ನೆನಪಾಗಲಿಲ್ಲ.

ಸೀರೆ ಮುಗಿಯಲು ಎರಡು ಮೊಳ ಉಳಿದಾಗ ಅಕ್ಕ ಮತ್ತೆ ತಲೆ ಓರೆ ಮಾಡತೊಡಗಿದಳು. ಕಂಡೂ ಕಾಣದಂತೆ ಇದ್ದೆ. ಒಂದು ಬೆಳಿಗ್ಗೆ ನಾನು ನೂಲು ತರಲು ಹೋಗಿ ಬರುವಷ್ಟರಲ್ಲಿ ಮಗ್ಗದ ಮೇಲಿನ ಹಾಸು ಅಡ್ಡ ಕತ್ತರಿಸಿತ್ತು. ನೇಯ್ದ ಸೀರೆ ಕುಣಿಯಲ್ಲಿ ಬಿದ್ದಿತ್ತು. ಅಕ್ಕ ಮನೆಯಲ್ಲಿರಲಿಲ್ಲ. ಬಸ್ ನಿಲ್ದಾಣ, ಗುಡ್ಡದ ದಾರಿ, ಎಲ್ಲ ಕಡೆ ಹುಡುಕಿದೆವು. ಮಧ್ಯಾಹ್ನ ರೋಣದಿಂದ ಫೋನು ಬಂತು. ದವಾಖಾನೆಯ ಕಾವಲುಗಾರ ಮಾತಾಡಿದ. ಒಬ್ಬ ಹೆಣ್ಣುಮಗಳು ಮುಂಜಾನೆಯಿಂದ ಇಲ್ಲಿ ಬೆಂಚಿನ ಮೇಲೆ ಕುಳಿತಿದ್ದಾಳೆ, ಮನಸ್ಸಿನ ಡಾಕ್ಟರ್ ಬರುವ ದಿನ ಇವತ್ತಲ್ಲ ಎಂದರೂ ಏಳುತ್ತಿಲ್ಲ, ಅವಳ ಕೈಯ ಚೀಟಿಯಲ್ಲಿ ನಿಮ್ಮ ನಂಬರು ಇದೆ ಎಂದ.

ಹೋಗಿ ನೋಡಿದರೆ ಅದೇ ಬೆಂಚು. ಹಳೆಯ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಆ ಸೀರೆ ಉಟ್ಟರೆ ಸವಿತಾ ಸಾಯುತ್ತಾಳೆ ಎಂದು ದನಿಗಳು ಹೇಳಿದ್ದವಂತೆ. ತಂಗಿಯನ್ನು ಉಳಿಸಲು ಸೀರೆ ಕತ್ತರಿಸಿದ್ದಳು. ಆಮೇಲೆ, ಇದು ಜಡ್ಡೋ ಖರೆಯೋ ತನಗೆ ತಿಳಿಯುತ್ತಿಲ್ಲ, ಡಾಕ್ಟರನ್ನು ಕೇಳಬೇಕು ಎಂದು ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಕಿವಿಯಲ್ಲಿ ಆ ದನಿಗಳು ಕೂಗುತ್ತಿರುವಾಗ, ಒಬ್ಬಳೇ. ಅವಳಷ್ಟು ಧೈರ್ಯದವರನ್ನು ನಾನು ಕಂಡಿಲ್ಲ.

ಅಂದೇ ಅವಳನ್ನು ಅಲ್ಲಿ ಇರಿಸಿಕೊಂಡರು. ಎರಡು ದಿನದ ಮೇಲೆ ಮನಸ್ಸಿನ ಡಾಕ್ಟರು ಬಂದು ಮಂಚದ ಪಕ್ಕದಲ್ಲಿ ನಿಂತು, ಗುಳಿಗೆ ಯಾಕೆ ನಿಂತವು ಎಂದು ಕೇಳಿದರು. ನಾನೇ ಬಿಡಿಸಿದೆ ಎಂಬ ಎರಡೇ ಮಾತು ಸಾಕಿತ್ತು.

"ಆಕೀನ ಒಲ್ಲೆ ಅಂದ್ಲರಿ" ಎಂದೆ.

ಅಕ್ಕ ನನ್ನನ್ನು ನೋಡಿದಳು. ನಿದ್ದೆಯ ಔಷಧದ ಮಂಪರಿನಲ್ಲಿದ್ದರೂ ನೆಟ್ಟಗೆ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು. ಡಾಕ್ಟರು ಬರೆದುಕೊಂಡರು.

ಯಾರಿಗೆ ಹೆದರಿ ನಾನು ಇದನ್ನೆಲ್ಲ ಮಾಡಿದೆನೋ ಆ ಬೀಗರು ಸುದ್ದಿ ಕೇಳಿ ಬುತ್ತಿ ಕಟ್ಟಿಕೊಂಡು ದವಾಖಾನೆಗೆ ಬಂದರು. ಸವಿತಾಳ ಅತ್ತೆ ಅಕ್ಕನ ತಲೆ ಬಾಚಿ ಹೆರಳು ಹಾಕಿದರು. ನಮ್ಮ ಮನ್ಯಾಗೂ ಸಕ್ಕರಿ ಬ್ಯಾನಿ ಐತಿ, ನಾವೇನ ಮುಚ್ಚಿಟ್ಟೇವೇನ್ರಿ ಎಂದು ನನ್ನನ್ನು ಸಣ್ಣಗೆ ಗದರಿದರು. ಮದುವೆ ಹೇಳಿದ ದಿನವೇ ಆಯಿತು. ಸವಿತಾ ಬೇರೆ ಸೀರೆ ಉಟ್ಟಳು.

ಈ ಸಲ ಗುಳಿಗೆ ಹೆಚ್ಚಾದವು, ನಡುಕವೂ ಹೆಚ್ಚಾಯಿತು. ಲಾಳಿ ಹಿಡಿಯುವುದು ಅಕ್ಕನಿಂದ ಆಗಲಿಲ್ಲ. ಒಂದು ತಿಂಗಳು ಖಾಲಿ ಮಗ್ಗದ ಮುಂದೆ ಕುಳಿತಳು. ಆಮೇಲೆ ತನಗೆ ತಾನೇ ಕೆಲಸ ಹುಡುಕಿಕೊಂಡಳು. ಒಂದು ಹಾಸು ಮುಗಿದಾಗ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಒಂದೊಂದಾಗಿ ಬೂದಿ ಹಚ್ಚಿ ಹೊಸೆದು ಕೂಡಿಸಬೇಕು. ತಾಳ್ಮೆಯ ಕೆಲಸ, ಎಲ್ಲರೂ ಬೇಸರಪಡುವಂಥದ್ದು. ಅಕ್ಕ ಮಣಿಕಟ್ಟಿನ ಕೆಳಗೆ ಅರಿವೆ ಸುತ್ತಿ ಮಾಡಿದ ಸಿಂಬಿ ಇಟ್ಟುಕೊಂಡು ನಡುಕವನ್ನು ಅಲ್ಲೇ ತಡೆದು, ಎರಡು ಬೆರಳಿನಿಂದ ಹೊಸೆಯುವುದನ್ನು ಕಲಿತಳು. ಇವತ್ತು ನಮ್ಮ ಓಣಿಯ ಎಷ್ಟೋ ಮನೆಗಳು ಹಾಸು ಕೂಡಿಸಲು ಅವಳನ್ನೇ ಕರೆಯುತ್ತವೆ.

ದನಿಗಳು ಪೂರ್ತಿ ಹೋಗಿಲ್ಲ. ಅದಕ್ಕೂ ಅವಳದೇ ಒಂದು ರೀತಿ ಇದೆ. ಕೆಲಸದ ನಡುವೆ ಅವು ಶುರು ಮಾಡಿದರೆ, "ಈಗ ಎಳಿ ಕೂಡಸಾಕತ್ತೀನ್ರಿ, ಸಂಜಿಗೆ ಬರ್ರಿ" ಎಂದು ಮನೆಗೆ ಬಂದ ಸಾಲಿ ಮಾಸ್ತರರಿಗೆ ಹೇಳಿದಂತೆ ಹೇಳುತ್ತಾಳೆ. ಸಂಜೆ ಬರುತ್ತಾರೇನು ಎಂದು ಮಾಬುಬಿ ಕೇಳಿದರೆ, ಕೆಲವೊಮ್ಮೆ ಅವರಿಗೂ ಮರೆತು ಹೋಗತೈತಿ ಎನ್ನುತ್ತಾಳೆ. ದವಾಖಾನೆಯಲ್ಲಿ ಹೊಸಬರು ಯಾರಾದರೂ ಹೆದರಿ ಬಾಗಿಲಲ್ಲಿ ನಿಂತಿದ್ದರೆ ಸರಿದು ಕುಳಿತು ಜಾಗ ಕೊಡುತ್ತಾಳೆ. ಚೀಲದಲ್ಲಿ ಪೇರಲ ಹಣ್ಣು ಇದ್ದೇ ಇರುತ್ತದೆ.

ಆದರೆ ಆ ಸಾಲು ಕಾಗದದಲ್ಲಿ ಹಾಗೇ ಇತ್ತು. ಡಾಕ್ಟರರು ಬದಲಾದಾಗಲೆಲ್ಲ ಹೊಸಬರು ಅದನ್ನು ಓದಿ, ಗುಳಿಗೆ ಬಿಡಬಾರದಮ್ಮ ಎಂದು ಬುದ್ಧಿ ಹೇಳುತ್ತಿದ್ದರು. ಅಕ್ಕ ತಲೆ ತಗ್ಗಿಸಿ ಹೌದ್ರಿ ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹೊರಗೆ ಬಂದ ಮೇಲೆ ಅವಳು ಒಮ್ಮೆಯೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಹೋದ ತಿಂಗಳು ಒಬ್ಬ ಹೊಸ ಡಾಕ್ಟರಮ್ಮ ಇದ್ದರು. ಆರು ವರ್ಷದಲ್ಲಿ ಮೊದಲ ಸಲ ಅಕ್ಕ ತನಗಾಗಿ ಏನೋ ಕೇಳಿದಳು. "ಡಾಕ್ಟರಮ್ಮಾರ, ಕೈ ನಡುಕ ಕಡಿಮಿ ಮಾಡಾಕ ಬರತೈತೇನ್ರಿ? ನಮ್ಮ ಸವಿತಾನ ಮಗಳಿಗೆ ಐದು ತುಂಬತಾವ. ಒಂದು ಸಣ್ಣ ಸೀರಿ ನೇಯಬೇಕಂತ ಆಸೆ ಐತ್ರಿ."

ಅವರು ಕಾಗದ ತಿರುವಿದರು. ಆ ಸಾಲಿನ ಮೇಲೆ ಬೆರಳು ನಿಂತಿತು. ಗುಳಿಗೆ ನಿಧಾನವಾಗಿ ಬದಲಿಸಿ ನೋಡಬಹುದಿತ್ತು, ಆದರೆ ಒಮ್ಮೆ ತಾವೇ ಬಿಟ್ಟು ಇಷ್ಟು ತೊಂದರೆ ಮಾಡಿಕೊಂಡಿದ್ದೀರಿ, ಬದಲಿಸುವಾಗ ಮತ್ತೆ ಬಿಟ್ಟುಬಿಟ್ಟರೆ ಎಂದು ನನಗೆ ಧೈರ್ಯ ಬರುವುದಿಲ್ಲ ಎಂದರು. ಮೆತ್ತಗೇ ಹೇಳಿದರು. ಅಕ್ಕ ತಲೆ ತಗ್ಗಿಸಿ ಎಂದಿನಂತೆ ಹೌದ್ರಿ ಎಂದಳು. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ಆರು ವರ್ಷ ಅವಳ ಕೈಯನ್ನು ಹಿಡಿದಿಟ್ಟದ್ದು ನನ್ನ ಒಂದು ಮಾತು ಎಂದು ನನಗೆ ಆಗ ತಿಳಿಯಿತು.

"ಅದು ಸುಳ್ಳರಿ" ಎಂದೆ. ಡಾಕ್ಟರಮ್ಮ ತಲೆ ಎತ್ತಿದರು. "ಆಕೀ ಬಿಟ್ಟಿಲ್ಲರಿ. ಡಾಕ್ಟರ್ ಸಾಕಂದಾರ ಅಂತ ಸುಳ್ಳ ಹೇಳಿ ಬಿಡಿಸಿದಾಂವ ನಾ. ಜಡ್ಡು ತಿರುಗಿ ಬಂದಾಗ ಆಕೀ ಒಬ್ಬಾಕೀನ ಬಸ್ ಹತ್ತಿ ಈ ದವಾಖಾನಿಗೆ ಬಂದಿದ್ಲು. ಅದನ್ನ ಬರೀರಿ."

ಅವರು ನನ್ನನ್ನು ಬೈಯಲಿಲ್ಲ. ಆ ಸಾಲನ್ನು ಹೊಡೆದು ಹಾಕಿದರು, ಕೆಳಗೆ ಏನೋ ಉದ್ದವಾಗಿ ಬರೆದರು. ಸ್ವಲ್ಪ ಸ್ವಲ್ಪವಾಗಿ ಬದಲಿಸಿ ನೋಡೋಣ, ಹದಿನೈದು ದಿನಕ್ಕೊಮ್ಮೆ ಬರಬೇಕು, ಕೈ ಪೂರ್ತಿ ಸರಿಹೋಗುತ್ತದೆ ಎಂದು ಮಾತ್ರ ಹೇಳಲಾರೆ ಎಂದರು. ಗುಳಿಗೆಯ ಚೀಟಿಯನ್ನು ನನ್ನ ಕೈಗೆ ಕೊಡಲಿಲ್ಲ, ಅಕ್ಕನ ಕೈಗೆ ಕೊಟ್ಟರು.

ಹೊರಗೆ ಬಂದು ಅದೇ ಬೆಂಚಿನ ಮೇಲೆ ಕುಳಿತೆವು. ಅಕ್ಕ ಚೀಟಿ ಮಡಚಿ ಚೀಲಕ್ಕೆ ಹಾಕಿದಳು. ಪೇರಲ ಹಣ್ಣು ತೆಗೆದು ಕೊಯ್ಯಲು ಹೋದಳು, ಕೈ ನಡುಗಿತು. ನಾನು ಹಣ್ಣನ್ನೂ ಚಾಕುವನ್ನೂ ಇಸಿದುಕೊಂಡು ಪಕ್ಕಕ್ಕಿಟ್ಟೆ. ಅವಳ ಎರಡೂ ಕೈ ಹಿಡಿದುಕೊಂಡೆ.

"ಅಕ್ಕಾ, ಡಾಕ್ಟರ ಹೆಸರ್ಲೆ ನಿನಗ ಸುಳ್ಳ ಹೇಳಿದ್ನಿ. ಆಮ್ಯಾಲ ನಿನ್ನ ಎದುರಿಗೇನ ನಿನ್ನ ಮ್ಯಾಲ ಹಾಕಿದ್ನಿ. ನೀ ನೋಡಿದ್ದಿ, ನನಗ ಗೊತ್ತೈತಿ. ಜಡ್ಡು ನಿನಗ ಬಂದಿತ್ತು, ತಪ್ಪು ನಾ ಮಾಡಿದ್ನಿ. ತಪ್ಪಾತಕ್ಕಾ."